ಕೈ ಸೋಲುತ್ತಿರುವವರಿಗೆ ಯಾವ ಗೇಮ್ ಕಂಟ್ರೋಲರ್?

ಹೋದ ತಿಂಗಳು ಹರಿಹರದಿಂದ ಒಬ್ಬ ತಾಯಿ ನನ್ನ ರಿಪೇರಿ ಅಂಗಡಿಗೆ ಬಂದರು. ಮೊಬೈಲ್ ತೆಗೆದು ಮೂರು ಗೇಮ್ ಕಂಟ್ರೋಲರ್‌ಗಳ, ಅಂದರೆ ವಿಡಿಯೊ ಗೇಮ್ ಆಡಿಸುವ ಬಟನ್ ಸಾಧನಗಳ, ಫೋಟೊ ತೋರಿಸಿದರು. ಒಂದು ಎಕ್ಸ್‌ಬಾಕ್ಸ್‌ನ ಅಡಾಪ್ಟಿವ್ ಕಂಟ್ರೋಲರ್, ಒಂದು ಪ್ಲೇಸ್ಟೇಷನ್‌ನ ಆಕ್ಸೆಸ್ ಕಂಟ್ರೋಲರ್, ಇನ್ನೊಂದು ಬಾಯಿಂದ ಆಡುವ ಕ್ವಾಡ್‌ಸ್ಟಿಕ್. "ಅಣ್ಣಾ, ಇದರಲ್ಲಿ ಯಾವುದು ತರಿಸ್ಲಿ? ದುಡ್ಡು ಹೆಂಗೋ ಹೊಂದಿಸ್ತೀನಿ. ಒಂದೇ ಸಲ ಒಳ್ಳೇದು ತಗೋಬೇಕು" ಅಂದರು. ಅವರ ಮಗನಿಗೆ 19 ವರ್ಷ. ಸ್ನಾಯು ಸೊರಗುವ ಕಾಯಿಲೆ. ಈಗ ನೀರಿನ ಲೋಟ ಎತ್ತಲು ಎರಡೂ ಕೈ ಬೇಕು.

"ಅವನು ಯಾವುದರಲ್ಲಿ ಆಡ್ತಾನೆ ಅಕ್ಕಾ?" ಅಂತ ಕೇಳಿದೆ. "ಮೊಬೈಲ್‌ನಲ್ಲೇ" ಅಂದರು. ಮನೆಯಲ್ಲಿ ಪಿಎಸ್5, ಅಂದರೆ ಪ್ಲೇಸ್ಟೇಷನ್ 5 ಗೇಮ್ ಯಂತ್ರ, ಇಲ್ಲ. ಆಕ್ಸೆಸ್ ಕಂಟ್ರೋಲರ್ ಅದಕ್ಕೆ ಮಾತ್ರ ಆಗುವುದು. ಅಂದರೆ ಆ ಮೂರು ಫೋಟೊದಲ್ಲಿ ಒಂದು ಅವತ್ತೇ ಪಟ್ಟಿಯಿಂದ ಹೊರಗೆ ಹೋಯಿತು. ತರಿಸಿದ್ದರೆ ಅದು ಡಬ್ಬಿಯಲ್ಲೇ ಕೂರುತ್ತಿತ್ತು.

ನನ್ನ ಅಕ್ಕನ ಮಗನಿಗೂ ಇಂಥದ್ದೇ ಕಾಯಿಲೆ. ನಾಲ್ಕು ವರ್ಷದಿಂದ ಅವನ ಆಟಕ್ಕೆ ಬೇಕಾದದ್ದನ್ನು ನಾನೇ ಜೋಡಿಸಿಕೊಡುತ್ತಿದ್ದೇನೆ. ಮೊದಲ ಸಲ ತಪ್ಪು ಮಾಡಿದೆವು. ಬಲಗೈ ಚೆನ್ನಾಗಿದೆ ಅಂತ ಒಂದೇ ಕೈಯಲ್ಲಿ ಆಡುವ ಕಂಟ್ರೋಲರ್ ತರಿಸಿದೆವು. ಎಂಟು ತಿಂಗಳು ಆಡಿದ. ಅಷ್ಟರಲ್ಲಿ ಬಲಗೈಯೂ ಸೋತಿತು. ಆ ಕಂಟ್ರೋಲರ್‌ನ ಒಂದು ಬಟನ್ನನ್ನೂ ಬಿಚ್ಚಿ ಬೇರೆ ಕಡೆ ಇಡುವ ಹಾಗಿರಲಿಲ್ಲ. ಅವತ್ತಿನಿಂದ ಕೇಳಿದವರಿಗೆಲ್ಲ ನಾನು ಹೇಳುವುದು ಇದನ್ನೇ: ಇವತ್ತಿನ ಕೈ ನೋಡಿ ಕೊಳ್ಳಬೇಡಿ. ಬೆರಳಿನಿಂದ ಮೊಣಕೈಗೆ, ಮೊಣಕೈಯಿಂದ ಮಂಡಿಗೆ, ಮಂಡಿಯಿಂದ ಕೆನ್ನೆಗೆ ಜಾಗ ಬದಲಿಸಬಲ್ಲ ಬಟನ್ ಕೊಳ್ಳಿ.

ಕೊಳ್ಳುವ ಮುಂಚೆ ನೋಡಬೇಕಾದದ್ದು

ಮೊದಲನೆಯದು, ದೇಹದ ಯಾವ ಭಾಗ ಇನ್ನೂ ಮಾತು ಕೇಳುತ್ತದೆ ಅನ್ನುವುದು. ಇದಕ್ಕೆ ಅರ್ಧ ಗಂಟೆ ಕೊಡಿ. ಅವರು ದಿನವೂ ಕೂರುವ ಕುರ್ಚಿಯಲ್ಲೋ ಮಲಗುವ ಮಂಚದಲ್ಲೋ ಇರುವಾಗಲೇ ನೋಡಿ. ಹೆಬ್ಬೆರಳು, ಅಂಗೈಯ ಅಂಚು, ಮೊಣಕೈ, ಭುಜ, ಮಂಡಿ, ಕಾಲಿನ ಹೆಬ್ಬೆರಳು, ಗಲ್ಲ, ಕೆನ್ನೆ, ಹುಬ್ಬು. ಒಂದೊಂದಾಗಿ ಹತ್ತು ಸಲ ಅಲ್ಲಾಡಿಸಲು ಹೇಳಿ, ಹಾಳೆಯ ಮೇಲೆ ಬರೆದುಕೊಳ್ಳಿ. ಒತ್ತುವುದನ್ನು ಮಾತ್ರ ನೋಡಬೇಡಿ, ಬಿಡುವುದನ್ನೂ ನೋಡಿ. ಎಷ್ಟೋ ಜನರಿಗೆ ಬಟನ್ ಒತ್ತಲು ಬರುತ್ತದೆ, ಬೆರಳು ಮೇಲೆತ್ತಲು ಆಗುವುದಿಲ್ಲ. ಅಂಥವರಿಗೆ ಮೃದುವಾದ ಬಟನ್ ಕೊಟ್ಟರೆ ಅದು ಒತ್ತಿಕೊಂಡೇ ಇರುತ್ತದೆ. 20 ನಿಮಿಷ ಕಳೆದ ಮೇಲೆ ಅದೇ ಪರೀಕ್ಷೆ ಇನ್ನೊಮ್ಮೆ ಮಾಡಿ. ಸುಸ್ತಾದ ಮೇಲೂ ಉಳಿಯುವ ಚಲನೆ ಯಾವುದೋ, ಮುಖ್ಯವಾದ ಬಟನ್ ಅಲ್ಲಿಗೆ ಬರಬೇಕು.

ಕಾಯಿಲೆ ಯಾವ ಕಡೆ ಹೋಗುತ್ತಿದೆ ಅನ್ನುವುದನ್ನೂ ಡಾಕ್ಟರ ಹತ್ತಿರ ಬಾಯಿಬಿಟ್ಟು ಕೇಳಿ. ಮಸ್ಕ್ಯುಲರ್ ಡಿಸ್ಟ್ರೊಫಿ (ಸ್ನಾಯು ಸೊರಗುವುದು), ಮೋಟಾರ್ ನ್ಯೂರಾನ್ (ಸ್ನಾಯು ಆಡಿಸುವ ನರ ಸೋಲುವುದು) ಕಾಯಿಲೆಗಳಲ್ಲಿ ಶಕ್ತಿ ಇಳಿಯುತ್ತಾ ಹೋಗುತ್ತದೆ. ಕೀಲುವಾತದಲ್ಲಿ ಏರಿಳಿತ ಇರುತ್ತದೆ. ಬೆಳಿಗ್ಗೆ ಬೆರಳು ಬಿಗಿಯಾಗಿರುತ್ತವೆ, ಹೊತ್ತೇರಿದಂತೆ ಸಡಿಲವಾಗುತ್ತವೆ. ಹಿರಾಯಾಮ ಕಾಯಿಲೆಯ ದಾರಿಯೇ ಬೇರೆ. ಇದು ಹೆಚ್ಚಾಗಿ ಹದಿಹರೆಯದ, ಇಪ್ಪತ್ತರ ಆಸುಪಾಸಿನ ಹುಡುಗರಿಗೆ ಬರುತ್ತದೆ, ಹೆಚ್ಚಾಗಿ ಒಂದೇ ಕೈ ಸಣ್ಣಗಾಗುತ್ತದೆ. ಜಪಾನಿನ ವೈದ್ಯ ಹಿರಾಯಾಮ 1959ರಲ್ಲಿ ಇದನ್ನು ವಿವರಿಸಿದರು. ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ನ ಡಾ. ಗೌರಿದೇವಿ ಇಂಥ ರೋಗಿಗಳ ಬಗ್ಗೆ 1984ರಲ್ಲಿ ಬರೆದು 'ಮೋನೊಮೆಲಿಕ್ ಅಮಯೊಟ್ರೊಫಿ' ಎಂಬ ಹೆಸರು ಕೊಟ್ಟರು. ಇದು ಕೆಲವು ವರ್ಷ ಹೆಚ್ಚಾಗಿ ಆಮೇಲೆ ಸಾಮಾನ್ಯವಾಗಿ ನಿಲ್ಲುತ್ತದೆ. ಹಾಗೆ ನಿಂತವರಿಗೆ ಒಂದೇ ಕೈಯ ಕಂಟ್ರೋಲರ್ ತುಂಬಾ ಒಳ್ಳೆಯದು. ನನ್ನ ಸೋದರಳಿಯನಿಗೆ ವ್ಯರ್ಥವಾದದ್ದೇ ಅವರಿಗೆ ಸರಿಯಾದದ್ದು.

ಉಳಿದ ಪ್ರಶ್ನೆಗಳು ಚಿಕ್ಕವು. ಯಾವುದರಲ್ಲಿ ಆಡುತ್ತಾರೆ: ಮೊಬೈಲ್, ಕಂಪ್ಯೂಟರ್, ಎಕ್ಸ್‌ಬಾಕ್ಸ್, ಪಿಎಸ್5? ಯಾವ ಆಟ? ಚೆಸ್‌ಗೆ ಒಂದು ಬಟನ್ ಸಾಕು, ಗುಂಡು ಹಾರಿಸುವ ಆಟಕ್ಕೆ ದಿಕ್ಕು ತಿರುಗಿಸುವ ಎರಡು ಸ್ಟಿಕ್ಕು (ಜಾಯ್‌ಸ್ಟಿಕ್), ಹತ್ತಕ್ಕಿಂತ ಜಾಸ್ತಿ ಬಟನ್ ಬೇಕು. ದುಡ್ಡು ಎಷ್ಟು, ಕೆಟ್ಟರೆ ಯಾರು ರಿಪೇರಿ ಮಾಡುತ್ತಾರೆ? ಕೊನೆಯದಾಗಿ, ದಿನವೂ ಇದನ್ನೆಲ್ಲ ಜೋಡಿಸಿ ಕೊಡುವವರು ಯಾರು? ಇದನ್ನು ಯಾರೂ ಕೇಳಿಕೊಳ್ಳುವುದಿಲ್ಲ. ಅಮ್ಮ ಬೆಳಿಗ್ಗೆ ಎಂಟಕ್ಕೆ ಕೆಲಸಕ್ಕೆ ಹೋಗುವ ಮನೆಯಲ್ಲಿ ಹದಿನೈದು ವೈರಿನ ವ್ಯವಸ್ಥೆ ವಾರಕ್ಕೊಮ್ಮೆ ಮಾತ್ರ ಹೊರಗೆ ಬರುತ್ತದೆ.

ದುಡ್ಡಿಲ್ಲದೆ ಆಗುವಂಥದ್ದು

ಏನನ್ನೂ ಕೊಳ್ಳುವ ಮುಂಚೆ ಇರುವ ಸಾಮಾನಿನ ಸೆಟ್ಟಿಂಗ್ಸ್ ತೆರೆಯಿರಿ. ಪಿಎಸ್5ರ ಡ್ಯುಯಲ್‌ಸೆನ್ಸ್ ಕಂಟ್ರೋಲರ್‌ನ ಹಿಂದೆ ತೋರುಬೆರಳಿನಲ್ಲಿ ಒತ್ತುವ ಟ್ರಿಗರ್‌ಗಳು ಕೆಲವು ಆಟದಲ್ಲಿ ಬೇಕಂತಲೇ ಗಟ್ಟಿಯಾಗುತ್ತವೆ. ಅದನ್ನೂ, ಕೈ ನಡುಗಿಸುವ ವೈಬ್ರೇಷನ್ನನ್ನೂ ಪೂರ್ತಿ ಆಫ್ ಮಾಡಬಹುದು. ಬೆರಳು ಸೋತವರಿಗೆ ಇಷ್ಟರಿಂದಲೇ ಎದ್ದು ಕಾಣುವ ವ್ಯತ್ಯಾಸ ಆಗುತ್ತದೆ. ಬಟನ್‌ಗಳ ಕೆಲಸ ಅದಲು ಬದಲು ಮಾಡುವುದೂ ಅಲ್ಲೇ ಇದೆ. ಕಂಪ್ಯೂಟರ್‌ನಲ್ಲಿ ಆಟ ಕೊಂಡು ಆಡುವ ಸ್ಟೀಮ್ ಆ್ಯಪ್ ಇದ್ದರೆ ಇನ್ನೂ ಅನುಕೂಲ. ಒತ್ತಿ ಹಿಡಿದಿರಬೇಕಾದ ಬಟನ್ನನ್ನು ಒಮ್ಮೆ ಒತ್ತಿದರೆ ಆನ್, ಇನ್ನೊಮ್ಮೆ ಒತ್ತಿದರೆ ಆಫ್ ಆಗುವಂತೆ ಮಾಡಬಹುದು. ಐಫೋನ್‌ನಲ್ಲಿ ನಡುಗುವ ಬೆರಳಿನ ತಪ್ಪು ಒತ್ತುಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳದಂತೆ ಹೇಳುವ ಟಚ್ ಅಕಾಮಡೇಷನ್ಸ್ ಇದೆ.

ಇಬ್ಬರು ಸೇರಿ ಒಬ್ಬರಾಗಿ ಆಡುವುದೂ ಒಂದು ದಾರಿ. ಎಕ್ಸ್‌ಬಾಕ್ಸ್‌ನಲ್ಲಿ 2017ರಲ್ಲಿ ಕೋಪೈಲಟ್ ಹೆಸರಿನಲ್ಲಿ ಬಂತು, ಪಿಎಸ್5ರಲ್ಲಿ 2023ರಲ್ಲಿ. ಎರಡು ಕಂಟ್ರೋಲರ್ ಸೇರಿ ಒಂದರ ಹಾಗೆ ಕೆಲಸ ಮಾಡುತ್ತವೆ. ನನ್ನ ಅಳಿಯ ಕಾರಿನ ಸ್ಟಿಯರಿಂಗ್ ನೋಡಿಕೊಳ್ಳುತ್ತಿದ್ದ, ಅವನ ತಂಗಿ ಬ್ರೇಕು. ಅವರಿಬ್ಬರೂ ಆಗ ಜಗಳ ಆಡಿದಷ್ಟು, ನಕ್ಕಷ್ಟು ಇನ್ನು ಯಾವಾಗಲೂ ಆಡಲಿಲ್ಲ, ನಗಲಿಲ್ಲ.

ಆಟ ಬದಲಿಸುವುದನ್ನು ಸೋಲು ಅಂದುಕೊಳ್ಳಬೇಡಿ. ಆಸ್ಫಾಲ್ಟ್ ರೇಸಿಂಗ್‌ನ ಟಚ್‌ಡ್ರೈವ್‌ನಲ್ಲಿ ಕಾರು ತಾನೇ ತಿರುಗುತ್ತದೆ, ದಾರಿ ಆರಿಸುವುದು, ವೇಗ ಏರಿಸುವ ನೈಟ್ರೊ ಹಾಕುವುದು ಮಾತ್ರ ನಮ್ಮ ಕೆಲಸ. ಮೈನ್‌ಕ್ರಾಫ್ಟ್‌ನಲ್ಲಿ ತಾನಾಗಿ ಜಿಗಿಯುವ ಸೆಟ್ಟಿಂಗ್ ಇದೆ. 2020ರ ದ ಲಾಸ್ಟ್ ಆಫ್ ಅಸ್ ಪಾರ್ಟ್ 2ರಲ್ಲಿ ಇಂಥ ಅನುಕೂಲದ ಸೆಟ್ಟಿಂಗ್‌ಗಳೇ 60ಕ್ಕಿಂತ ಜಾಸ್ತಿ ಇವೆ. ಆದರೆ ಮೊಬೈಲ್‌ನ ಗುಂಡಿನ ಆಟ ಬಿಜಿಎಂಐ ಆಡುವ ಹುಡುಗರಿಗೆ ಒಂದು ಎಚ್ಚರಿಕೆ. ಆ ಆಟ ಕಂಟ್ರೋಲರ್ ಒಪ್ಪುವುದಿಲ್ಲ. ಬೇರೆ ಆ್ಯಪ್ ಹಾಕಿ ಬಟನ್ ಜೋಡಿಸಿದರೆ ಅಕೌಂಟೇ ಬ್ಯಾನ್ ಆಗುವ ಅಪಾಯ ಇದೆ. ಅದರಲ್ಲಿ ಗುರಿ ಹಿಡಿಯಲು ಫೋನನ್ನೇ ವಾಲಿಸುವ ಜೈರೋಸ್ಕೋಪ್ ಇದೆ. ಮಣಿಕಟ್ಟಿನಲ್ಲಿ ಶಕ್ತಿ ಇರುವವರು ಅದನ್ನು ಆನ್ ಮಾಡಿ ನೋಡಿ. ಕಾಲ್ ಆಫ್ ಡ್ಯೂಟಿ ಮೊಬೈಲ್ ಆದರೆ ಕಂಟ್ರೋಲರ್ ಒಪ್ಪುತ್ತದೆ.

ಮನೆಯಲ್ಲೇ, ಊರಲ್ಲೇ ಮಾಡುವಂಥದ್ದು

ಇದು ನನ್ನ ಕಸುಬು, ಹಾಗಾಗಿ ಸ್ವಲ್ಪ ಜಾಸ್ತಿ ಬರೆಯುತ್ತೇನೆ.

ಒಂದು ಸಾಧಾರಣ ಯುಎಸ್‌ಬಿ ಮೌಸ್ ಬಿಚ್ಚಿ. ಎಡಗಡೆ ಕ್ಲಿಕ್ಕಿನ ಕೆಳಗೆ ಕಡಲೆ ಗಾತ್ರದ ಮೈಕ್ರೋಸ್ವಿಚ್ ಇರುತ್ತದೆ. ಒತ್ತಿದಾಗ ಅದರ ಯಾವ ಎರಡು ಕಾಲು ಸೇರುತ್ತವೆ ಅಂತ ಮೀಟರ್ ಇಟ್ಟು ನೋಡಿ, ಆ ಎರಡಕ್ಕೆ ಎರಡು ವೈರ್ ಸೋಲ್ಡರ್ ಮಾಡಿ, ಹೊರಗೆ ತಂದು ಒಂದು 3.5 ಎಂಎಂ ಸಾಕೆಟ್ ಕೂರಿಸಿ. ಹಳೇ ಇಯರ್‌ಫೋನ್ ಚುಚ್ಚುತ್ತಿದ್ದೆವಲ್ಲ, ಅದೇ ಅಳತೆ. ಈಗ ಆ ಸಾಕೆಟ್ಟಿಗೆ ಯಾವ ಬಟನ್ ಚುಚ್ಚಿದರೂ ಅದು ಮೌಸ್ ಕ್ಲಿಕ್. ಮೊಣಕೈ ಕೆಳಗಿಡಿ, ಮಂಡಿ ಪಕ್ಕ ಇಡಿ, ಕುರ್ಚಿಯ ತಲೆದಿಂಬಿಗೆ ಕಟ್ಟಿ. ಮೌಸ್ ಸೇರಿ ಐದಾರು ನೂರು ರೂಪಾಯಿಯಲ್ಲಿ ಮುಗಿಯುತ್ತದೆ. ಒಂದೇ ಬಟನ್ನಿನ ಆಟಗಳಿಗೆ ಇದಕ್ಕಿಂತ ಬೇರೆ ಬೇಡ.

ಹೆಚ್ಚು ಬಟನ್ ಬೇಕಾದರೆ ವಿಡಿಯೊ ಗೇಮ್ ಪಾರ್ಲರ್‌ಗಳಲ್ಲಿ ಇರುತ್ತಿದ್ದಂಥ ದೊಡ್ಡ ಆರ್ಕೇಡ್ ಬಟನ್ ತರಿಸಿ. ದಾವಣಗೆರೆಯಲ್ಲಿ ನನಗೆ ಸಿಕ್ಕಿಲ್ಲ, ಬೆಂಗಳೂರಿನ ಎಸ್.ಪಿ. ರಸ್ತೆಯಿಂದಲೋ ಆನ್‌ಲೈನ್‌ನಲ್ಲೋ ತರಿಸುತ್ತೇನೆ. ಅವುಗಳ ಜೊತೆ ಜೀರೊ ಡಿಲೇ ಎನ್ಕೋಡರ್ ಅನ್ನುವ ಚಿಕ್ಕ ಬೋರ್ಡ್ ಸಿಗುತ್ತದೆ. ಬಟನ್, ಜಾಯ್‌ಸ್ಟಿಕ್ ಎಲ್ಲ ಅದಕ್ಕೆ ಚುಚ್ಚಿದರೆ ಕಂಪ್ಯೂಟರ್ ಅದನ್ನು ಗೇಮ್‌ಪ್ಯಾಡ್ ಅಂತ ಗುರುತಿಸುತ್ತದೆ, ಸೋಲ್ಡರಿಂಗ್ ಬೇಕಿಲ್ಲ. ಕೆಲವು ಹೊಸ ಆಟಗಳು ಇದನ್ನು ಗುರುತಿಸುವುದಿಲ್ಲ. ಆಗ ಸ್ಟೀಮ್ ಮೂಲಕ ಆಟ ತೆರೆದರೆ ಹೆಚ್ಚಾಗಿ ಸರಿಹೋಗುತ್ತದೆ. ಬಟನ್ ಕೀಬೋರ್ಡಿನ ಕೀಯಾಗಿ ಕೆಲಸ ಮಾಡಬೇಕಾದರೆ ಆರ್ಡುಯಿನೊ ಲಿಯೊನಾರ್ಡೊ ಅಥವಾ ಪ್ರೊ ಮೈಕ್ರೊ ಅನ್ನುವ, ಪ್ರೋಗ್ರಾಮ್ ಹಾಕಿ ಕೆಲಸ ಹೇಳುವ ಚಿಕ್ಕ ಬೋರ್ಡ್ ತಗೊಳ್ಳಿ. ಕಾಲೇಜುಗಳಲ್ಲಿ ಬಳಸುವ ಯುನೊ ಆರ್3 ಇದಕ್ಕೆ ನೇರವಾಗಿ ಆಗುವುದಿಲ್ಲ, ಅದರ ಮುಖ್ಯ ಚಿಪ್ಪಿಗೆ ಸ್ವಂತ ಯುಎಸ್‌ಬಿ ಇಲ್ಲ. ಪ್ರೋಗ್ರಾಮ್ ಬರೆಯಲು ಬರದಿದ್ದರೆ ನಮ್ಮೂರಿನ ಎಂಜಿನಿಯರಿಂಗ್ ಕಾಲೇಜುಗಳಾದ ಬಿಐಇಟಿಯಲ್ಲೋ ಯುಬಿಡಿಟಿಯಲ್ಲೋ ಓದುವ ಪಕ್ಕದ ಮನೆ ಹುಡುಗನನ್ನೋ ಹುಡುಗಿಯನ್ನೋ ಕೇಳಿ. ನನಗೆ ಮೊದಲ ಬೋರ್ಡ್ ಮಾಡಿಕೊಟ್ಟದ್ದು ಮೂರನೇ ಸೆಮಿಸ್ಟರ್ ಹುಡುಗಿ, ಒಂದೇ ಸಂಜೆಯಲ್ಲಿ.

ತೊಂದರೆಗಳನ್ನೂ ಹೇಳಬೇಕಲ್ವಾ. ಆರ್ಕೇಡ್ ಬಟನ್ನಿನ ಸ್ಪ್ರಿಂಗ್ ಸೋತ ಬೆರಳಿಗೆ ಗಟ್ಟಿ. ಅಲ್ಲಿ ಉದ್ದ ತಗಡಿನ ಪಟ್ಟಿ ಇರುವ ಲಿವರ್ ಮೈಕ್ರೋಸ್ವಿಚ್ ಹಾಕಿ. ಪಟ್ಟಿ ಉದ್ದವಾದಷ್ಟೂ ಕಡಿಮೆ ಒತ್ತು ಸಾಕು, ಕೆನ್ನೆ ತಾಗಿದರೂ ಕ್ಲಿಕ್ ಆಗುತ್ತದೆ. ಪಟ್ಟಿಯ ತುದಿಗೆ ಸ್ಪಂಜು ಅಂಟಿಸಿ, ಚರ್ಮ ಕೊಯ್ಯಬಾರದು. ಇನ್ನು ಮನೆಯಲ್ಲಿ ಮಾಡಿದ ಬೋರ್ಡನ್ನು ಎಕ್ಸ್‌ಬಾಕ್ಸ್, ಪಿಎಸ್5 ನೇರವಾಗಿ ಒಪ್ಪುವುದಿಲ್ಲ. ಆದರೆ 3.5 ಎಂಎಂ ಪಿನ್ ಹಾಕಿದ ಬಟನ್‌ಗಳು ಮುಂದೆ ನೀವು ಕಂಪನಿಯ ಕಂಟ್ರೋಲರ್ ಕೊಂಡರೆ ಅದಕ್ಕೂ ಚುಚ್ಚಿಕೊಳ್ಳುತ್ತವೆ. ಹಾಗಾಗಿ ಬಟನ್ನಿಗೆ ಹಾಕಿದ ದುಡ್ಡು ಹಾಳಾಗುವುದಿಲ್ಲ. ಪಿನ್ ಕೊಳ್ಳುವಾಗ ಎರಡೇ ಭಾಗದ ಮೊನೊ ಪಿನ್ ಕೇಳಿ. ಇಯರ್‌ಫೋನಿನ ಮೂರು, ನಾಲ್ಕು ಭಾಗದ ಪಿನ್ ಹಾಕಿದರೆ ಒಮ್ಮೆ ಕೆಲಸ ಮಾಡುತ್ತದೆ, ಒಮ್ಮೆ ಮಾಡುವುದಿಲ್ಲ.

ಎಕ್ಸ್‌ಬಾಕ್ಸ್ ಅಡಾಪ್ಟಿವ್ ಕಂಟ್ರೋಲರ್

2018ರಲ್ಲಿ ಬಂತು. ಆಗ ಅಮೆರಿಕದಲ್ಲಿ ಬೆಲೆ 99.99 ಡಾಲರ್, ಇಲ್ಲಿಗೆ ತರಿಸುವಾಗ ಸಾಗಣೆ, ಸುಂಕ ಬೇರೆ. ಎಕ್ಸ್‌ಬಾಕ್ಸ್‌ಗೂ ವಿಂಡೋಸ್ ಕಂಪ್ಯೂಟರ್‌ಗೂ ಆಗುತ್ತದೆ. ಮೇಲೆ ರೊಟ್ಟಿಯ ಹಾಗೆ ಅಗಲವಾದ ಎರಡು ಕಪ್ಪು ಬಟನ್, ನಾಲ್ಕು ದಿಕ್ಕು ಒತ್ತುವ ಒಂದು ಡಿ-ಪ್ಯಾಡ್. ಹಿಂದಿನ ಅಂಚಿನಲ್ಲಿ ಹೊರಗಿನ ಬಟನ್ ಚುಚ್ಚುವ 19 ಜ್ಯಾಕ್ (3.5 ಎಂಎಂ ಸಾಕೆಟ್), ಎರಡು ಪಕ್ಕದಲ್ಲಿ ಒಂದೊಂದು ಯುಎಸ್‌ಬಿ. ಮಾಮೂಲಿ ಕಂಟ್ರೋಲರ್‌ನ ಒಂದೊಂದು ಬಟನ್ನಿಗೂ ಒಂದೊಂದು ಜ್ಯಾಕ್ ಇದೆ. ಅಂದರೆ ಕಂಟ್ರೋಲರನ್ನೇ ಬಿಡಿಬಿಡಿ ಮಾಡಿ ದೇಹದ ಸುತ್ತ ಹರಡಬಹುದು.

ಇದನ್ನು ಕೊಂಡವರಲ್ಲಿ ಹಲವರು ಡಬ್ಬಿ ಬಿಚ್ಚಿದ ದಿನವೇ ಬೇಜಾರಾಗುತ್ತಾರೆ. ಯಾಕೆಂದರೆ ಇದರಲ್ಲಿ ಜಾಯ್‌ಸ್ಟಿಕ್ಕೇ ಇಲ್ಲ. ಇದು ಜಂಕ್ಷನ್ ಬಾಕ್ಸ್ ಇದ್ದ ಹಾಗೆ. ಬಟನ್‌ಗಳು, ಸ್ಟಿಕ್ ಎಲ್ಲ ಬೇರೆ ಕೊಳ್ಳಬೇಕು. ಲಾಜಿಟೆಕ್ ಇದಕ್ಕೆಂದೇ 2019ರಲ್ಲಿ 12 ಬಟನ್, ಟ್ರಿಗರ್‌ಗಳ ಕಿಟ್ ತಂದಿತು, ಅದೂ 99.99 ಡಾಲರ್. 2025ರಲ್ಲಿ ಮೈಕ್ರೋಸಾಫ್ಟ್‌ನ ಅಡಾಪ್ಟಿವ್ ಜಾಯ್‌ಸ್ಟಿಕ್ ಬಂತು, 29.99 ಡಾಲರ್. ಎಲ್ಲ ಕೂಡಿಸಿದರೆ ಬೆಲೆ ಎರಡು ಪಟ್ಟು ದಾಟುತ್ತದೆ. ನಾನು ಮಾಡಿದ್ದು ಬೇರೆ. ಕಂಟ್ರೋಲರ್ ಮಾತ್ರ ತರಿಸಿ, ಬಟನ್‌ಗಳನ್ನು ಅಂಗಡಿಯಲ್ಲೇ ಮಾಡಿದೆ. ಅದರ ತಳದಲ್ಲಿ ಕ್ಯಾಮೆರಾ ಟ್ರೈಪಾಡ್‌ನ ಸ್ಕ್ರೂ ಕೂರುವ ತೂತಿದೆ. ನಿಟುವಳ್ಳಿಯ ಬಡಗಿಯೊಬ್ಬರು ಗಾಲಿಕುರ್ಚಿಗೆ ಕೂರುವ ಪ್ಲೈವುಡ್ ಹಲಗೆ ಮಾಡಿಕೊಟ್ಟರು, ಮೇಲೆ ವೆಲ್ಕ್ರೊ ಅಂಟಿಸಿದೆವು. ಬಟನ್ ಎಲ್ಲಿ ಬೇಕೋ ಅಲ್ಲಿ ಕೂರುತ್ತದೆ.

ಇಳಿಯುತ್ತಾ ಹೋಗುವ ಕಾಯಿಲೆಗೆ, ಕಂಪ್ಯೂಟರ್ ಅಥವಾ ಎಕ್ಸ್‌ಬಾಕ್ಸ್ ಇರುವ ಮನೆಗೆ, ನನ್ನ ಪ್ರಕಾರ ಇದೇ ಮೊದಲ ಆಯ್ಕೆ. ಆದರೆ ಜೋಡಿಸಿಕೊಡಲು ಒಬ್ಬರು ಇರಲೇಬೇಕು.

ಪ್ಲೇಸ್ಟೇಷನ್ ಆಕ್ಸೆಸ್ ಕಂಟ್ರೋಲರ್

ಇದು 2023ರ ಡಿಸೆಂಬರ್‌ನಲ್ಲಿ ಬಂತು, ಅಮೆರಿಕದಲ್ಲಿ 89.99 ಡಾಲರ್. ಪಿಎಸ್5ಗೆ ಮಾತ್ರ. ಗುಂಡಗಿದೆ, ಸುತ್ತ ಎಂಟು ಬಟನ್, ನಡುವೆ ಒಂದು, ಪಕ್ಕಕ್ಕೆ ಚಾಚಿದ ಒಂದು ಸ್ಟಿಕ್. ಕೈಯಲ್ಲಿ ಹಿಡಿಯಬೇಕಿಲ್ಲ, ಮೇಜಿನ ಮೇಲೋ ತೊಡೆಯ ಮೇಲಿನ ಹಲಗೆಯಲ್ಲೋ ಇಡಬಹುದು, ಯಾವ ದಿಕ್ಕಿಗೆ ಬೇಕಾದರೂ ತಿರುಗಿಸಬಹುದು. ಬಟನ್ನಿನ ಮುಚ್ಚಳಗಳನ್ನು ಬದಲಿಸಬಹುದು. ಸ್ಟಿಕ್ಕಿಗೂ ಮೂರು ಥರದ ತಲೆ ಕೊಡುತ್ತಾರೆ, ಅದರಲ್ಲಿ ಚೆಂಡಿನ ಆಕಾರದ್ದು ಮುಷ್ಟಿ ಬಿಚ್ಚದವರಿಗೆ ಒಳ್ಳೆಯದು.

ಡಬ್ಬಿ ಬಿಚ್ಚಿದ ದಿನವೇ ಆಡಬಹುದು ಅನ್ನುವುದು ಇದರ ದೊಡ್ಡ ಅನುಕೂಲ. ಹೊರಗಿನ ಬಟನ್ನಿಗೆ ನಾಲ್ಕೇ ಜ್ಯಾಕ್ ಅನ್ನುವುದು ಇದರ ಮಿತಿ. ಸ್ಟಿಕ್ ಒಂದೇ ಇರುವುದರಿಂದ ಎರಡು ಸ್ಟಿಕ್ಕಿನ ಆಟಕ್ಕೆ ಇಂಥ ಎರಡು ಬೇಕು, ಇಲ್ಲವೇ ಜ್ಯಾಕಿಗೆ ಹೊಂದುವ ಹೊರಗಿನ ಸ್ಟಿಕ್ ಚುಚ್ಚಬೇಕು, ಇಲ್ಲವೇ ಮಾಮೂಲಿ ಕಂಟ್ರೋಲರನ್ನು ಇದರ ಜೊತೆ ಸೇರಿಸಿ ಇನ್ನೊಬ್ಬರು ಹಿಡಿಯಬೇಕು. ಕೀಲುವಾತ ಇರುವವರಿಗೆ, ಒಂದು ಹದದಲ್ಲಿ ನಿಂತ ಕೈಗೆ, ಅಂಗೈ ತಳ್ಳಿ ಒತ್ತಬಲ್ಲವರಿಗೆ ಇದು ಚೆನ್ನ. ವರ್ಷ ವರ್ಷವೂ ಇಳಿಯುವ ಕೈಗೆ ನಾಲ್ಕು ಜ್ಯಾಕ್ ಬೇಗ ಸಾಲದೆ ಹೋಗುತ್ತದೆ.

ನಿಂಟೆಂಡೊ ಸ್ವಿಚ್ ಇರುವವರಿಗೆ ಜಪಾನಿನ ಹೋರಿ ಕಂಪನಿಯ ಫ್ಲೆಕ್ಸ್ ಇದೆ. ಕೆಲಸ ಎಕ್ಸ್‌ಬಾಕ್ಸ್‌ನದ್ದರ ಹಾಗೆಯೇ, ಬೆಲೆ ಜಾಸ್ತಿ.

ಕೈ ಬಿಟ್ಟು ಬಾಯಿ, ಮುಖ, ಕಣ್ಣು

ಕ್ವಾಡ್‌ಸ್ಟಿಕ್ ಅನ್ನುವುದು ಬಾಯಲ್ಲಿ ಹಿಡಿದು ತಿರುಗಿಸುವ ಜಾಯ್‌ಸ್ಟಿಕ್. ಅದರ ಕೊಳವೆಗಳಲ್ಲಿ ಉಸಿರು ಊದಿದರೆ ಒಂದು ಬಟನ್, ಎಳೆದರೆ ಇನ್ನೊಂದು. ಕುತ್ತಿಗೆಯಲ್ಲಿ ಬೆನ್ನುಹುರಿಗೆ ಪೆಟ್ಟಾಗಿ ಕೈಕಾಲು ನಿಂತವರು ಇದರಲ್ಲಿ ಜೋರಿನ ಆಟಗಳನ್ನೂ ಆಡುತ್ತಾರೆ. ಬೆಲೆ ಕೆಲವು ನೂರು ಡಾಲರ್. ಬಾಯಿಗೆ ಹೋಗುವ ಭಾಗ ದಿನವೂ ತೊಳೆಯಬೇಕು. ಮೋಟಾರ್ ನ್ಯೂರಾನ್ ಕಾಯಿಲೆಯವರು ಇದಕ್ಕೆ ದುಡ್ಡು ಹಾಕುವ ಮುಂಚೆ ಯೋಚಿಸಬೇಕು. ಅವರಲ್ಲಿ ತುಟಿಯ ಹಿಡಿತ, ಉಸಿರಿನ ಶಕ್ತಿಯೂ ಇಳಿಯಬಹುದು. ಕಣ್ಣಿನ ಚಲನೆ ಮಾತ್ರ ಅವರಲ್ಲಿ ಸಾಮಾನ್ಯವಾಗಿ ಕೊನೆಯವರೆಗೂ ಉಳಿಯುತ್ತದೆ, ಹಾಗಾಗಿ ಅವರಿಗೆ ಕಣ್ಣಿನ ದಾರಿಯೇ ಮೇಲು. ಹೊಸ ಐಫೋನ್‌ಗಳಲ್ಲಿ 2024ರ ಐಒಎಸ್ 18ರಿಂದ ಕಣ್ಣಿನಲ್ಲೇ ಪರದೆ ಆಡಿಸುವ ಸೆಟ್ಟಿಂಗ್ ಇದೆ.

ಆಂಡ್ರಾಯ್ಡ್ 12ರಿಂದ ಫೋನಿನ ಮುಂದಿನ ಕ್ಯಾಮೆರಾ ನಮ್ಮ ನಗು, ಹುಬ್ಬೇರಿಸುವುದು, ಬಾಯಿ ತೆರೆಯುವುದನ್ನು ಬಟನ್ನಿನ ಹಾಗೆ ಓದುತ್ತದೆ. ಖರ್ಚಿಲ್ಲ. ಆದರೆ ನಿಧಾನ. ಚೆಸ್, ಇಸ್ಪೀಟು, ಪದಬಂಧಕ್ಕೆ ಸರಿ, ರೇಸಿಗೆ ಆಗುವುದಿಲ್ಲ. ಕಂಪ್ಯೂಟರ್‌ಗೆ ಗೂಗಲ್ 2023ರಲ್ಲಿ ತಂದ ಗೇಮ್‌ಫೇಸ್ ಉಚಿತ. ತಲೆ ಅಲ್ಲಾಡಿಸಿದರೆ ಮೌಸ್ ಚಲಿಸುತ್ತದೆ, ಮುಖದ ಭಾವ ಬದಲಿಸಿದರೆ ಕ್ಲಿಕ್. ಸ್ನಾಯು ಕಾಯಿಲೆ ಇದ್ದ ಅಮೆರಿಕದ ಆಟಗಾರ ಲ್ಯಾನ್ಸ್ ಕಾರ್ ಅವರ ಅನುಭವವೇ ಅದಕ್ಕೆ ಪ್ರೇರಣೆ. ಕೋಣೆಯಲ್ಲಿ ಬೆಳಕು ಚೆನ್ನಾಗಿರಬೇಕು, ಕಿಟಕಿ ಬೆನ್ನ ಹಿಂದೆ ಇರಬಾರದು.

ಯಾರಿಗೆ ಯಾವುದು

ಮೊಬೈಲ್ ಒಂದೇ ಇದ್ದು ದುಡ್ಡಿಗೆ ಕಷ್ಟ ಇದ್ದರೆ: ಸೆಟ್ಟಿಂಗ್ಸ್, ಗಟ್ಟಿ ಸ್ಟ್ಯಾಂಡ್, ಮುಖದ ಬಟನ್. ಸಾವಿರ, ಎರಡು ಸಾವಿರ ಹಾಕಬಲ್ಲಿರಾದರೆ ಹಳೆಯ ಕಂಪ್ಯೂಟರ್‌ಗೆ ಮೌಸ್ ಬಟನ್, ಎನ್ಕೋಡರ್. ದೊಡ್ಡ ದುಡ್ಡು ಇದ್ದರೂ ಈ ಮೆಟ್ಟಿಲು ಬಿಡಬೇಡಿ. ಒಂದು ತಿಂಗಳು ಈ ಬಟನ್‌ಗಳಲ್ಲಿ ಆಡಿದರೆ ಎಷ್ಟು ಜ್ಯಾಕ್ ಬೇಕು, ಎಲ್ಲಿ ಬೇಕು ಅಂತ ಗೊತ್ತಾಗುತ್ತದೆ. ಆಮೇಲೆ ಕಂಪನಿಯದ್ದು ತರಿಸಿ.

ಕೈಯಲ್ಲಿ ಸ್ಪರ್ಶ ಕಡಿಮೆ ಇರುವವರ ಬಗ್ಗೆ ಒಂದು ಮಾತು. ಸಕ್ಕರೆ ಕಾಯಿಲೆಯಿಂದಲೋ ಕುಷ್ಠದಿಂದಲೋ ನರ ಹೋಗಿದ್ದರೆ ಪಟ್ಟಿ ಬಿಗಿದದ್ದು, ಅಂಚು ಒತ್ತಿದ್ದು ಅವರಿಗೆ ತಿಳಿಯುವುದಿಲ್ಲ. ಹುಣ್ಣಾದ ಮೇಲೇ ಗೊತ್ತಾಗುವುದು. ಆಟದ ನಂತರ ಚರ್ಮ ಕೆಂಪಾಗಿದೆಯಾ ಅಂತ ಮನೆಯವರು ನೋಡಲೇಬೇಕು.

ಕೂರುವ ಭಂಗಿ, ಕೈಗೆ ಆಸರೆ, ಯಾವ ಚಲನೆಗೆ ಎಷ್ಟು ಹೊತ್ತು ಕೆಲಸ ಕೊಡಬಹುದು ಅನ್ನುವುದನ್ನು ಆಕ್ಯುಪೇಷನಲ್ ಥೆರಪಿಸ್ಟ್ (ದಿನದ ಕೆಲಸಗಳನ್ನು ಮಾಡಿಕೊಳ್ಳಲು ತರಬೇತಿ ಕೊಡುವವರು) ನನಗಿಂತ ಚೆನ್ನಾಗಿ ಹೇಳುತ್ತಾರೆ. ದಾವಣಗೆರೆಯಲ್ಲೇ ವಿಕಲಚೇತನರಿಗಾಗಿ ಕೇಂದ್ರ ಸರ್ಕಾರದ ಸಿಆರ್‌ಸಿ ಎಂಬ ಪುನರ್ವಸತಿ ಕೇಂದ್ರ ಇದೆ, ಅಲ್ಲಿ ಕೇಳಿ. ಆಟಕ್ಕೆ ಅಂತ ಹೇಳಲು ಸಂಕೋಚ ಬೇಡ. ನನ್ನ ಅಳಿಯನಿಗೆ ಗೆಳೆಯರು ಸಿಗುವ ಜಾಗವೇ ಅದು.

ಹರಿಹರದ ಆ ತಾಯಿ ಅವತ್ತು ಏನನ್ನೂ ಆರ್ಡರ್ ಮಾಡಲಿಲ್ಲ. ಲಿವರ್ ಸ್ವಿಚ್ ಹಾಕಿದ ಎರಡು ಬಟನ್, ಒಂದು ಮೌಸ್ ಒಯ್ದರು. ಹೋದ ಭಾನುವಾರ ಫೋನ್ ಮಾಡಿದ್ದರು. ಎಡ ಮಂಡಿಯ ಬಟನ್ ಚೆನ್ನಾಗಿ ಹೊಂದಿದೆಯಂತೆ, ಬಲ ಮೊಣಕೈಯದ್ದು ಜಾರುತ್ತಿದೆಯಂತೆ. ಅದಕ್ಕೆ ಇಳಿಜಾರಾದ ಮರದ ತುಂಡು ಮಾಡಿಸಿ ಇಟ್ಟಿದ್ದೇನೆ. ಎಕ್ಸ್‌ಬಾಕ್ಸ್‌ನದ್ದು ಬೇಕಾ ಬೇಡವಾ ಅಂತ ಅವನೇ ಮುಂದಿನ ತಿಂಗಳು ಹೇಳುತ್ತಾನಂತೆ.